ಹಾಡು ಕುಣಿಯಿತು, ಕಥೆ ಹಿಂದುಳಿಯಿತು

ಅಂಕಲಿಯ ಅಕ್ಕೋರು ‘ಸೈರಾಟ್’ ಚಿತ್ರವನ್ನು ನೋಡಿದ್ದು ಎರಡು ಸಲ. ಮೊದಲನೆಯ ಸಲ 2016ರಲ್ಲಿ, ಚಿತ್ರ ಹೊರಬಂದ ವರ್ಷವೇ, ಮಿರಜಿನ ಚಿತ್ರಮಂದಿರವೊಂದರಲ್ಲಿ. ಎರಡನೆಯ ಸಲ ಈಚೆಗೆ, ಮನೆಯ ಟೆಲಿವಿಷನ್ನಿನ ಮುಂದೆ, ಚಿಕ್ಕೋಡಿಯ ಕಾಲೇಜಿಗೆ ಹೋಗುವ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮೊದಲ ಸಲ ಅವರು ಹಾಡುಗಳನ್ನು ಕೇಳಿ ಬಂದಿದ್ದರು. ಈ ಸಲ ಕಥೆಯನ್ನು ನೋಡಿದರು.

ಶಾಲೆಯಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಊರಿಗೆ ಅವರು ಇಂದಿಗೂ ಅಕ್ಕೋರೇ. ಕಲಿಸಿದ್ದು ಕನ್ನಡ, ಕಿವಿ ಮಾತ್ರ ಎರಡು ಭಾಷೆಯದು. ಕೃಷ್ಣೆಯ ದಂಡೆಯ ಈ ಊರಿನಲ್ಲಿ ಅದು ಸಹಜ. ಆಳಂದಿಯಿಂದ ಪಂಢರಪುರಕ್ಕೆ ವರ್ಷವರ್ಷವೂ ಹೊರಡುವ ಜ್ಞಾನೇಶ್ವರ ಮಹಾರಾಜರ ಪಾಲಖಿಯ ಕುದುರೆಗಳು ಅಂಕಲಿಯ ಶಿತೋಳೆ ಸರಕಾರರ ಮನೆತನದಿಂದಲೇ ಹೋಗಬೇಕು. ಕುದುರೆಯೇ ಗಡಿ ದಾಟಿ ನಡೆಯುವ ಊರಿನಲ್ಲಿ ಹಾಡನ್ನು ತಡೆಯುವವರಾರು? 1974ರ ‘ಭಕ್ತ ಕುಂಬಾರ’ದಲ್ಲಿ ರಾಜಕುಮಾರರು ಗೋರಾ ಕುಂಬಾರನಾಗಿ ಕಾಣಿಸಿಕೊಂಡು, ಪಿ. ಬಿ. ಶ್ರೀನಿವಾಸರ ಕಂಠದಲ್ಲಿ ವಿಠಲನನ್ನು ಕರೆದಾಗ, ಮರಾಠಿ ಸಂತನು ಕನ್ನಡದಲ್ಲಿ ಹಾಡುತ್ತಿರುವನೆಂದು ಇಲ್ಲಿ ಯಾರೂ ಬೆರಗಾಗಲಿಲ್ಲ.

ಚಿತ್ರದ ಹಾಡು ಚಿತ್ರವನ್ನು ಬಿಟ್ಟು ಹೊರಟುಹೋಗುವುದೂ ಹೊಸದೇನಲ್ಲ. ಕೊಲ್ಲಾಪುರದಲ್ಲಿ 1929ರಲ್ಲಿ ಹುಟ್ಟಿ, ಮುಂದೆ ಪುಣೆಗೆ ಸಾಗಿದ ಪ್ರಭಾತ್ ಕಂಪನಿಯವರು 1936ರಲ್ಲಿ ‘ಸಂತ ತುಕಾರಾಮ’ವನ್ನು ತೆರೆಗೆ ತಂದರು. ವಿಷ್ಣುಪಂತ ಪಾಗನೀಸರು ತುಕಾರಾಮನಾಗಿ ಹಾಡಿದ ಅಭಂಗಗಳ ನಡುವೆ, ಬೀಜ ಮತ್ತು ಮರದ ಉಪಮೆಯುಳ್ಳ ಒಂದು ಹಾಡಿದೆ. ಅದನ್ನು ಬರೆದವರು ತುಕಾರಾಮನಲ್ಲ, ಚಿತ್ರದ ಗೀತಕಾರ ಶಾಂತಾರಾಮ ಆಠವಲೆ. ಆದರೂ ಕೇಳಿದವರನೇಕರು ಅದನ್ನು ಸಂತನ ಅಭಂಗವೆಂದೇ ನಂಬಿದರು. ಈ ಸಂಗತಿಯನ್ನು ಹೇಳುವಾಗಲೆಲ್ಲ ಅಕ್ಕೋರಿಗೆ ನಗು. ಹಾಡು ಮನೆ ಬಿಟ್ಟು ಹೋದರೂ ಒಳ್ಳೆಯ ಮನೆಯನ್ನೇ ಸೇರಿತಲ್ಲ ಎಂಬ ಸಮಾಧಾನ ಆ ನಗುವಿನಲ್ಲಿದೆ.

‘ಸೈರಾಟ್’ ಹಾಡುಗಳ ಗತಿ ಬೇರೆಯಾಯಿತು.

ಅಜಯ್-ಅತುಲ್ ಸೋದರರ ಸಂಗೀತಕ್ಕೆ ಮರುಳಾಗದವರು ವಿರಳ. ವಾದ್ಯವೃಂದದ ಧ್ವನಿಮುದ್ರಣಕ್ಕಾಗಿ ಅವರು ಹಾಲಿವುಡ್ಡಿನವರೆಗೆ ಹೋಗಿದ್ದರು. ಹಳ್ಳಿಯ ಬಾವಿ, ಕಬ್ಬಿನ ಗದ್ದೆ, ಓಡುವ ಹುಡುಗ. ಹಿಂದೆ ನೂರಾರು ಪಿಟೀಲುಗಳು ಒಮ್ಮೆಲೇ ಎದ್ದಂತಹ ನಾದ. ಹರೆಯದ ಮೊದಲ ಒಲವಿಗೆ ಲೋಕವೆಲ್ಲ ಎಷ್ಟು ದೊಡ್ಡದಾಗಿ ಕಾಣುವುದೋ ಅಷ್ಟು ದೊಡ್ಡದಾಗಿ ಆ ಸಂಗೀತ ಕೇಳುತ್ತದೆ. ಇನ್ನು ‘ಝಿಂಗಾಟ್’ ಬಂತೆಂದರೆ ಮುಗಿಯಿತು. ಮಿರಜಿನಲ್ಲಿ ಅಂದು ಕುರ್ಚಿಯ ಮೇಲೆ ಕುಳಿತಿದ್ದವರು ಕೆಲವರೇ. ಅಕ್ಕೋರು ಕುಳಿತಲ್ಲಿಯೇ ಚಪ್ಪಾಳೆಯಿಂದ ತಾಳ ಹಾಕಿದ್ದರು.

ನಾಗರಾಜ ಮಂಜುಳೆಯವರು ಹಾಡುಗಳನ್ನೆಲ್ಲ ಮೊದಲರ್ಧದಲ್ಲಿಯೇ ಸುರಿದು ಮುಗಿಸಿದ್ದಾರೆ. ಊರ ಧನಿಕ ಮುಖಂಡನ ಮಗಳು ಆರ್ಚಿ, ಮೀನುಗಾರನ ಮಗ ಪರ್ಶ್ಯಾ ಹೈದರಾಬಾದಿಗೆ ಓಡಿಹೋದ ಮೇಲೆ ಹಾಡಿಲ್ಲ. ಅಲ್ಲಿ ಇರುವುದು ಕೊಳೆಗೇರಿಯ ತಗಡಿನ ಗೂಡು, ದೋಸೆಯ ಬಂಡಿ, ಸಂಶಯ, ಜಗಳ, ಮತ್ತೆ ನಿಧಾನವಾಗಿ ಕಟ್ಟಿಕೊಂಡ ಸಂಸಾರ. ಮೊದಲ ಸಲ ಈ ಭಾಗ ಅಕ್ಕೋರಿಗೆ ಸಪ್ಪೆಯೆನಿಸಿತ್ತು; ಎರಡನೆಯ ಸಲ ಅದೇ ಚಿತ್ರದ ಜೀವವೆಂದು ತೋರಿತು. ಮೊಮ್ಮಗಳಿಗೋ ಆರ್ಚಿ ಟ್ರ್ಯಾಕ್ಟರ್ ಓಡಿಸಿಕೊಂಡು ಬರುವ ಗತ್ತಿನ ಮುಂದೆ ಉಳಿದುದೆಲ್ಲ ಗೌಣ. ರಿಂಕೂ ರಾಜಗುರು ಎಂಬ ಹದಿಹರೆಯದ ಹುಡುಗಿ, ಅದು ಮೊದಲನೆಯ ಚಿತ್ರವೆಂಬ ಅಳುಕೇ ಇಲ್ಲದೆ ನಟಿಸಿದ್ದಾಳೆ. ರಾಷ್ಟ್ರೀಯ ಪ್ರಶಸ್ತಿಯ ತೀರ್ಪುಗಾರರೂ ಅವಳನ್ನು ವಿಶೇಷವಾಗಿ ಹೆಸರಿಸಿದರು.

ಅಕ್ಕೋರ ಮನಸ್ಸು ನಿಂತದ್ದು ಬೇರೊಂದು ದೃಶ್ಯದಲ್ಲಿ. ಆರ್ಚಿಯ ತಮ್ಮ ಪ್ರಿನ್ಸ್ ತರಗತಿಯಲ್ಲಿ ಪಾಠ ಹೇಳುವ ಗುರುವಿನ ಕೆನ್ನೆಗೆ ಹೊಡೆಯುತ್ತಾನೆ. ತಂದೆ ಮಗನನ್ನು ಗದರಿಸುವುದಿಲ್ಲ; ಹುಡುಗ ಯಾರ ಮಗನೆಂದು ಗುರುವಿಗೇ ತಿಳಿಹೇಳುತ್ತಾನೆ. ನಾಲ್ಕು ತಲೆಮಾರಿನ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಅದನ್ನು ಕಂಡು ತಾನಾಗಿಯೇ ತನ್ನ ಕೆನ್ನೆಯನ್ನು ಮುಟ್ಟಿಕೊಂಡಿತು. ಆಮೇಲೆ ‘ಝಿಂಗಾಟ್’ ಬಂತು. ಅದು ನಡೆಯುವುದು ಆ ಪ್ರಿನ್ಸನ ಹುಟ್ಟುಹಬ್ಬದಲ್ಲಿಯೇ. ಕುಣಿತದ ಆ ರಾತ್ರಿಯೇ ಪ್ರೇಮಿಗಳು ಸಿಕ್ಕಿಬೀಳುತ್ತಾರೆ. ಕೊನೆಗೆ ತಾಯಿ ಕಳಿಸಿದ ಉಡುಗೊರೆಗಳನ್ನು ಹೊತ್ತು ಹೈದರಾಬಾದಿನ ಮನೆಗೆ ನೆಂಟರಂತೆ ಬಂದು ಕೂರುವವನೂ ಅವನೇ. ಅಕ್ಕ ಚಹಾ ಮಾಡಿಕೊಡುತ್ತಾಳೆ. ಮುಂದಿನದನ್ನು ನಿರ್ದೇಶಕರು ಶಬ್ದವಿಲ್ಲದೆ ತೋರಿಸಿದ್ದಾರೆ. ಅಷ್ಟು ಭೋರ್ಗರೆದ ಸಂಗೀತವೆಲ್ಲ ನಿಂತು, ರಕ್ತದಲ್ಲಿ ಅದ್ದಿದ ಎಳೆಯ ಪಾದಗಳ ಗುರುತು ಮಾತ್ರ ಉಳಿಯುತ್ತದೆ.

“ಆಯೀ, ಈ ಹಾಡಿಗೆ ಆಗ ನೀನೂ ಚಪ್ಪಾಳಿ ಹೊಡದಿದ್ದೆಲ್ಲ?” ಎಂದು ಮೊಮ್ಮಗಳು ಕೇಳಿದಳು.

“ಹೊಡದಿದ್ದೆ. ಹುಟ್ಟುಹಬ್ಬ ಯಾರದು ಅಂತ ಆಗ ನೋಡಿರಲಿಲ್ಲ.”

ಮರಾಠಿ ಚಿತ್ರವೊಂದು 100 ಕೋಟಿ ರೂಪಾಯಿ ಗಳಿಸಿತೆಂಬ ಸುದ್ದಿಯಾದ ಮೇಲೆ ಉಳಿದ ಭಾಷೆಗಳವರು ಸುಮ್ಮನಿರುವುದುಂಟೆ? 2017ರಲ್ಲಿ ಎಸ್. ನಾರಾಯಣರ ನಿರ್ದೇಶನದಲ್ಲಿ ಕನ್ನಡಕ್ಕೆ ಅದು ‘ಮನಸು ಮಲ್ಲಿಗೆ’ಯಾಗಿ ಬಂತು, ನಾಯಕಿ ಅದೇ ರಿಂಕೂ. 2018ರಲ್ಲಿ ಹಿಂದಿಯವರು ‘ಧಡಕ್’ ಎಂದು ಕರೆದು, ‘ಝಿಂಗಾಟ್’ಅನ್ನು ಜೊತೆಗೇ ಕರೆದೊಯ್ದರು. ಕನ್ನಡದ ಪ್ರಯತ್ನವನ್ನು ಅಕ್ಕೋರು ಅಕ್ಕರೆಯಿಂದಲೇ ನೋಡಿದರು, ಒಪ್ಪಲಾರದೆ ಹೋದರು. ಸೊಲ್ಲಾಪುರದ ಕಡೆಯ ಒರಟು ಮಾತಿನ ರುಚಿಯನ್ನು ಒಮ್ಮೆ ಉಂಡ ಗಡಿನಾಡಿನ ಕಿವಿಗೆ ಎರಡನೆಯ ಎಲೆಯ ಊಟ ಹಿಡಿಸುವುದು ಕಷ್ಟ. ಮೇಲಾಗಿ ಈ ಕಥೆಯನ್ನು ಕನ್ನಡಕ್ಕೆ ಹೊರಗಿನಿಂದ ತರಬೇಕಾಗಿಯೂ ಇರಲಿಲ್ಲ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದುದಕ್ಕೆ 12ನೆಯ ಶತಮಾನದ ಕಲ್ಯಾಣದಲ್ಲಿ ತಂದೆಯರು ಪ್ರಾಣ ತೆತ್ತರೆಂಬುದನ್ನು ಅಕ್ಕೋರೇ ಎಷ್ಟು ವರ್ಷ ಪಾಠ ಹೇಳಿಲ್ಲ!

ಚಿತ್ರ ನೋಡಿದ ವಾರದಲ್ಲಿಯೇ ಮೈದುನನ ಮಗನ ಮದುವೆಯ ಮಾತುಕತೆಗೆ ಮನೆಯ ಮಂದಿಯೆಲ್ಲ ಕಲೆತರು. ಹುಡುಗರ ಚಿಂತೆ ಒಂದೇ: ಮೆರವಣಿಗೆಗೆ ಡಾಲ್ಬಿ ಎಲ್ಲಿಂದ ತರಿಸುವುದು, ಮೊದಲು ಯಾವ ಹಾಡು ಹಾಕಿಸುವುದು. ಮೊದಲನೆಯ ಹಾಡಿನ ಬಗ್ಗೆ ಭಿನ್ನಾಭಿಪ್ರಾಯ ಬರಲಿಲ್ಲ. ‘ಝಿಂಗಾಟ್’ ಇಲ್ಲದೆ ವರ ಕುದುರೆ ಹತ್ತುವುದುಂಟೆ?

ಅಕ್ಕೋರು ಬೇಡವೆನ್ನಲಿಲ್ಲ. ತಾಳಕ್ಕೆ ಜಾತಿಯಿಲ್ಲ, ಕುಣಿಯುವ ಹುಡುಗರ ಕಾಲಿನಲ್ಲಿ ಕಪಟವೂ ಇಲ್ಲ. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಲಗ್ನಪತ್ರಿಕೆಯ ಕರಡನ್ನು ಓದತೊಡಗಿದರು. ಕುಲದೇವರು, ಹಿರಿಯರು, ಕಾಕಂದಿರು, ಸೋದರಮಾವಂದಿರು, ಬೀಗರು, ಕೊನೆಗೆ ಚಿಣ್ಣರ ಹೆಸರುಗಳು. ವರನ ಅಕ್ಕನ ಹೆಸರು ಇರಲಿಲ್ಲ. ಅನ್ಯಜಾತಿಯವನನ್ನು ಮದುವೆಯಾಗಿ ಪುಣೆಯಲ್ಲಿ ನೆಲೆಸಿದ ಆ ಹುಡುಗಿಗೆ ಈ ಮನೆಯಲ್ಲಿ ಯಾರೂ ಕೈ ಮಾಡಿದವರಲ್ಲ, ಬೆದರಿಸಿದವರೂ ಅಲ್ಲ. ಗೌರವಸ್ಥ ಮನೆತನ. ಹೆಸರನ್ನು ಆಡುವುದನ್ನಷ್ಟೇ ನಿಲ್ಲಿಸಿದ್ದರು. ವಯಸ್ಸಿಗೆ ಬಂದ ಇಬ್ಬರು ಮದುವೆಯಾಗಲು ಮನೆತನದ ಒಪ್ಪಿಗೆ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿಯೇ ಹೇಳಿದೆ. ಆದರೆ ಲಗ್ನಪತ್ರಿಕೆಯಲ್ಲಿ ಯಾರ ಹೆಸರಿರಬೇಕೆಂದು ಯಾವ ಕೋರ್ಟು ಹೇಳೀತು?

“ಎಲ್ಲಾರ ಹೆಸರೂ ಬಂದಾವಲ್ರಿ ವೈನಿ?” ಎಂದು ಮೈದುನ ಕೇಳಿದರು.

“ಕಳಸ ಯಾರು ಹಿಡೀತಾರ?”

“ನಿಮ್ಮ ಮೊಮ್ಮಗಳೇ ಹಿಡೀತಾಳಲ್ರಿ.”

ಮೊಮ್ಮಗಳು ತಲೆಯೆತ್ತಿ ಆಯಿಯನ್ನು ನೋಡಿದಳು. ಹೊರಗೆ ಕಟ್ಟೆಯ ಮೇಲೆ ಹುಡುಗರು ಮೊಬೈಲಿನಲ್ಲಿ ಅದೇ ಹಾಡನ್ನು ಹಚ್ಚಿಕೊಂಡು ಹೆಜ್ಜೆ ಕಲಿಯುತ್ತಿದ್ದರು. ಅಕ್ಕೋರು ಪೆನ್ನು ತೆಗೆದು, ವರನ ಹೆಸರಿನ ಕೆಳಗೆ, ಅಕ್ಕನ ಹೆಸರನ್ನೂ ಅವಳ ಗಂಡನ ಹೆಸರನ್ನೂ ದುಂಡಗೆ ಬರೆದರು. ಕೂಸಿನ ಹೆಸರು ಅವರಿಗೆ ಗೊತ್ತಿರಲಿಲ್ಲ.

“ಪುಣೇದ ನಂಬರು ಯಾರ ಕಡೆ ಐತಿ?”

ಮೈದುನ ನೆಲವನ್ನು ನೋಡುತ್ತ ಕುಳಿತಿದ್ದರು. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಎದ್ದುಹೋದರು.

“ನನ್ನ ಕಡೆ ಐತಿ, ಆಯೀ” ಎಂದಳು ಮೊಮ್ಮಗಳು.