ಹೆಸರು ಮರೆಸಿದರೂ ಊರಿಗೆ ಗುರುತು ಸಿಗುತ್ತದೆ

ಸಂಶೋಧನಾ ಪ್ರಬಂಧವೊಂದರ ನಡುವೆ ಹೀಗೊಂದು ಟಿಪ್ಪಣಿ ಇದೆ ಎಂದುಕೊಳ್ಳೋಣ: ‘ಸಂದರ್ಶಿತೆ 14. ವಯಸ್ಸು 38. ಹೊಸದುರ್ಗ ತಾಲ್ಲೂಕು. ವಿಧವೆ. ಪತಿ ಅದಿರು ಲಾರಿ ಓಡಿಸುತ್ತಿದ್ದರು. ಇಬ್ಬರು ಮಕ್ಕಳು, ಹಿರಿಯವನಿಗೂ ಎಚ್‌ಐವಿ ಸೋಂಕಿದೆ. ಅಂಗನವಾಡಿ ಸಹಾಯಕಿ.’ ಆಕೆಯ ಹೆಸರಿಲ್ಲ, ಹಳ್ಳಿಯ ಹೆಸರೂ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದಿದೆ, ನೈತಿಕ ಸಮಿತಿಯ ಅನುಮತಿಯೂ ಸಿಕ್ಕಿದೆ. ಬೆಂಗಳೂರಿನಲ್ಲಿ ಕುಳಿತು ಓದುವವರಿಗೆ ಈಕೆ ಯಾರೋ ಒಬ್ಬಳು. ಇದನ್ನೇ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಗಟ್ಟಿಯಾಗಿ ಓದಿದರೆ, ಆಕೆಯ ಮನೆ ಯಾವ ಬೀದಿಯಲ್ಲಿದೆ ಎಂದು ಹೇಳಬಲ್ಲವರು ಒಬ್ಬರಾದರೂ ಅಲ್ಲಿರುತ್ತಾರೆ.

ಈ ಮಹಿಳೆ ಕಲ್ಪನೆಯವಳು. ಆದರೆ ವಯಸ್ಸು, ತಾಲ್ಲೂಕು, ಜಾತಿ, ಕಸುಬು, ಗಂಡನ ಕೆಲಸ ಎಲ್ಲವನ್ನೂ ಒಂದೇ ಸಾಲಿನಲ್ಲಿ ಪೋಣಿಸಿ ಹೆಸರನ್ನು ಮಾತ್ರ ಕೈಬಿಡುವ ಪದ್ಧತಿ ಸಾಮಾಜಿಕ ಅಧ್ಯಯನಗಳಲ್ಲಿ ಹೊಸದೇನಲ್ಲ. ಮಹಾನಗರದಲ್ಲಿ ಇದು ಹೇಗೋ ನಡೆಯುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಒಬ್ಬರ ಬದುಕನ್ನೇ ಅಲ್ಲಾಡಿಸಿಬಿಡಬಹುದು. ಎಚ್‌ಐವಿಯೊಂದಿಗೆ ಬದುಕುತ್ತಿರುವವರ ಕುರಿತ ಅಧ್ಯಯನ ಈ ಊರುಗಳಿಗೆ ಬರಲೇಬೇಕು. ಆದರೆ ಮಹಾನಗರದ ನಿಯಮಗಳನ್ನು ಹಾಗೇ ಹೊತ್ತು ತರುವುದು ಬೇಡ.

ಎಚ್‌ಐವಿ ಸಂಶೋಧನೆಯಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ನಡುವೆ ನಡೆದ ಸಮೀಕ್ಷೆಯಲ್ಲಿ ಶೇ 2.9ರಷ್ಟು ವಯಸ್ಕರಲ್ಲಿ ಸೋಂಕು ಕಂಡುಬಂದಿತ್ತು. ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಅದು ಹೆಚ್ಚಿತ್ತು. ‘ಇದು ಶಹರದ ಕಾಯಿಲೆ’ ಎಂದು ನಂಬಿದ್ದವರಿಗೆ ಅದು ದೊಡ್ಡ ಪಾಠವಾಯಿತು. ಅದೇ ವರ್ಷ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮ ಶುರುವಾಯಿತು. ಅದರ ಫಲವನ್ನು ಅಳೆಯಲು ಲೈಂಗಿಕ ಕಾರ್ಯಕರ್ತೆಯರ ನಡುವೆ ನಡೆಸಿದ ದೊಡ್ಡ ಸಮೀಕ್ಷೆಗೆ ರಾಜ್ಯದಲ್ಲಿ ಆರಿಸಿಕೊಂಡದ್ದು ಬೆಂಗಳೂರು, ಮೈಸೂರು, ಬೆಳಗಾವಿ, ಬಳ್ಳಾರಿ ಮತ್ತು ಶಿವಮೊಗ್ಗ ಜಿಲ್ಲೆಗಳನ್ನು.

ಚಿತ್ರದುರ್ಗ ಆ ಪಟ್ಟಿಯಲ್ಲಿ ಇರಲಿಲ್ಲ. ಬೆಂಗಳೂರು–ಪುಣೆ ಹೆದ್ದಾರಿ ಹಾದುಹೋಗುವುದು ಹಿರಿಯೂರು, ಚಿತ್ರದುರ್ಗದ ಮೇಲೆ. ಸೊಲ್ಲಾಪುರದ ಕಡೆಯ ಲಾರಿಗಳು ಈ ಹೆದ್ದಾರಿಗೆ ಬಂದು ಸೇರುವುದೂ ಚಿತ್ರದುರ್ಗದಲ್ಲೇ. ಹೊಳಲ್ಕೆರೆ, ಹೊಸದುರ್ಗದ ಕಡೆ ಗಣಿಗಳಿವೆ, ಅದಿರು ಲಾರಿಗಳ ಓಡಾಟವಿದೆ, ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವವರಿದ್ದಾರೆ. ಸೋಂಕು ಹರಡುವ ಬಗೆಯನ್ನು ಅರಿಯಲು ಬೇಕಾದ ಎಲ್ಲವೂ ಇಲ್ಲಿತ್ತು.

ಇಂಥ ಜಿಲ್ಲೆಗಳು ಲೆಕ್ಕಕ್ಕೆ ಸಿಗುವುದು ಹೆಚ್ಚಾಗಿ ಕಣ್ಗಾವಲು ಸಮೀಕ್ಷೆಯಲ್ಲಿ. ತಪಾಸಣೆಗೆ ಬರುವ ಗರ್ಭಿಣಿಯರಲ್ಲಿ ಕೇಂದ್ರವೊಂದಕ್ಕೆ 400 ಮಂದಿಯ ರಕ್ತದ ಮಾದರಿ ಪಡೆದು, ಗುರುತು ತೆಗೆದು ಪರೀಕ್ಷಿಸುವ ಕ್ರಮವದು. ಸೋಂಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅದು ಹೇಳುತ್ತದೆ. ದಕ್ಷಿಣದ ರಾಜ್ಯಗಳಲ್ಲಿ 15ರಿಂದ 24 ವರ್ಷದ ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣ 2000ದಲ್ಲಿ ಶೇ 1.7 ಇದ್ದದ್ದು 2004ರ ಹೊತ್ತಿಗೆ ಶೇ 1.1ಕ್ಕೆ ಇಳಿದಿದೆ ಎಂಬ ಒಳ್ಳೆಯ ಸುದ್ದಿ ಸಿಕ್ಕಿದ್ದು ಇಂಥ ಮಾಹಿತಿಯಿಂದಲೇ. 2021ರ ಅಂದಾಜಿನ ಪ್ರಕಾರ ರಾಜ್ಯದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 2.76 ಲಕ್ಷ. ಅವರು ಹೇಗೆ ಬದುಕುತ್ತಿದ್ದಾರೆ ಎಂಬ ಪ್ರಶ್ನೆಗೆ ರಕ್ತದ ಮಾದರಿ ಉತ್ತರ ಕೊಡುವುದಿಲ್ಲ.

ಉತ್ತರ ಹುಡುಕಿದ ಪ್ರಯತ್ನಗಳಲ್ಲಿ ಒಂದನ್ನು ಇಲ್ಲಿ ನೆನೆಯಬೇಕು. ಮೊಬೈಲ್ ಕರೆಯ ಮೂಲಕ ನೆನಪಿಸಿದರೆ ರೋಗಿಗಳು ಮಾತ್ರೆ ತಪ್ಪಿಸುವುದಿಲ್ಲವೇ ಎಂದು ಪರೀಕ್ಷಿಸಲು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರ ತಂಡ ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ 631 ಮಂದಿಯನ್ನು ಸುಮಾರು ಎರಡು ವರ್ಷ ಗಮನಿಸಿತು. ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಧ್ವನಿ ಕರೆ, ಜೊತೆಗೊಂದು ಚಿತ್ರ ಸಂದೇಶ. ಉಳಿದವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. 2014ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ನಿರೀಕ್ಷೆ ಕೈಗೂಡದ ಅಧ್ಯಯನವನ್ನು ಮುಚ್ಚಿಡದೆ ಪ್ರಕಟಿಸಿದ್ದೇ ದೊಡ್ಡ ಉಪಕಾರ. ಮಾತ್ರೆ ತಪ್ಪುವುದಕ್ಕೆ ಮರೆವೊಂದೇ ಕಾರಣವಲ್ಲ ಎಂದು ಅದರಿಂದ ಊಹಿಸಬಹುದು. ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ಹೋಗಿಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜೂ ಆಯಿತು. ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತಾಗ ಊರಿನವರು ಕಂಡರೆ ಏನು ಹೇಳುವುದು ಎಂಬ ಆತಂಕ ಬೇರೆ. ಮನೆಗೆ ತಂದ ಡಬ್ಬಿಯ ಚೀಟಿ ಕಿತ್ತು, ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿದು, ಅಲ್ಲಾಡಿದರೆ ಸದ್ದಾಗದಂತೆ ಹತ್ತಿ ತುರುಕಿ ಸೀರೆಗಳ ನಡುವೆ ಇಡುವವರ ಕಷ್ಟಕ್ಕೆ ಫೋನ್ ಕರೆ ಪರಿಹಾರವಾದೀತೇ?

ಈ ಹೆದರಿಕೆ ಹೇಗೆ ಹುಟ್ಟುತ್ತದೆ ಎಂಬುದನ್ನೂ ಭಾರತದಲ್ಲೇ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಅವಮಾನವನ್ನು ತಾವೇ ಅನುಭವಿಸಬೇಕೆಂದಿಲ್ಲ. ಇನ್ಯಾರಿಗೋ ಆದದ್ದನ್ನು ಕೇಳಿದರೂ ಸಮಾಜ ತಮ್ಮನ್ನು ಹೀಗೇ ಕಾಣುತ್ತದೆ ಎಂಬ ಭಾವನೆ ಮನಸ್ಸಿನಲ್ಲಿ ಬೇರೂರುತ್ತದೆ. ಆಮೇಲೆ ವಿಷಯ ಬಚ್ಚಿಡುವುದೇ ದಿನದ ಕೆಲಸವಾಗಿ, ಖಿನ್ನತೆ ಹೆಚ್ಚುತ್ತದೆ. ಪಕ್ಕದ ಹಟ್ಟಿಯಲ್ಲಿ ಒಬ್ಬಳಿಗೆ ತಟ್ಟೆ, ಲೋಟ ಬೇರೆ ಇಟ್ಟರಂತೆ ಎಂಬ ಸುದ್ದಿ ಇಡೀ ಹೋಬಳಿಯ ಸೋಂಕಿತರ ಬಾಯಿ ಮುಚ್ಚಿಸಲು ಸಾಕು. ಹೀಗಿರುವಾಗ ಅಧ್ಯಯನಕ್ಕೆ ಮಾತು ಕೊಟ್ಟ ಒಬ್ಬಳ ಗುರುತು ಬಯಲಾದರೆ ಪೆಟ್ಟು ಅವಳೊಬ್ಬಳಿಗೇ ಬೀಳುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ–2017ರ ಪ್ರಕಾರ, ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಯಾರನ್ನೂ ಪರೀಕ್ಷೆಗಾಗಲೀ ಸಂಶೋಧನೆಗಾಗಲೀ ಒಳಪಡಿಸುವಂತಿಲ್ಲ. ಅಂಕಿ–ಅಂಶದ ಬಳಕೆಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದೂ ಆ ಮಾಹಿತಿಯಿಂದ ವ್ಯಕ್ತಿಯ ಗುರುತು ಸಿಗುವ ಸಂಭವ ಇಲ್ಲದಿದ್ದಾಗ ಮಾತ್ರ. ಗುರುತು ಯಾರಿಗೆ ಸಿಗಬಾರದು? ದೂರದ ಓದುಗನಿಗೋ, ಪಕ್ಕದ ಮನೆಯವರಿಗೋ? ಪಕ್ಕದ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಅಳತೆ ಹಿಡಿಯಬೇಕು. ಅಂದರೆ 38 ಎನ್ನುವ ಬದಲು ‘35ರಿಂದ 45’, ತಾಲ್ಲೂಕಿನ ಬದಲು ‘ಮಧ್ಯ ಕರ್ನಾಟಕ’ ಎನ್ನಬೇಕು. ಗಂಡನ ಕಸುಬಿಗೂ ವಾದಕ್ಕೂ ಸಂಬಂಧವಿಲ್ಲದಿದ್ದರೆ ಅದನ್ನು ಪೂರ್ತಿ ಬಿಡಬೇಕು. ಬರೆದದ್ದನ್ನು ಅಚ್ಚಿಗೆ ಮುನ್ನ ಆಕೆಗೇ ಕನ್ನಡದಲ್ಲಿ ಓದಿ ಹೇಳಬೇಕು. ಯಾವ ವಿವರ ತನ್ನನ್ನು ಬಯಲಿಗೆಳೆಯುತ್ತದೆ ಎಂಬುದು ಆಕೆಗೆ ಗೊತ್ತಿರುವಷ್ಟು ಯಾವ ಪ್ರಾಧ್ಯಾಪಕರಿಗೂ ಗೊತ್ತಿರುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳೂ ಬದಲಾಗಿವೆ. ಉಚಿತ ಎಆರ್‌ಟಿ ಆರಂಭವಾದದ್ದು 2004ರ ಏಪ್ರಿಲ್‌ನಲ್ಲಿ. ಆಗ ಮೂವತ್ತರ ಹರೆಯದಲ್ಲಿ ಮಾತ್ರೆ ಶುರುಮಾಡಿದವರು ಈಗ ಐವತ್ತು ದಾಟಿದ್ದಾರೆ. ದಿನಕ್ಕೊಂದು ಮಾತ್ರೆ ನುಂಗಿದರೆ ವೈರಸ್ಸು ಹತೋಟಿಯಲ್ಲಿರುತ್ತದೆ. ಆದರೆ ಸಕ್ಕರೆ ಕಾಯಿಲೆ, ಬಿ.ಪಿ., ಏರುವ ತೂಕ, ಸವೆಯುವ ಮೂಳೆಗಳ ಬಗ್ಗೆ ವಿಚಾರಿಸುವವರು ಬೇಕು. ಗಂಡ ತೀರಿಕೊಂಡ ಮೇಲೆ ತೋಟದಲ್ಲಿ ಪಾಲು ಸಿಗದ ಹೆಂಗಸರಿದ್ದಾರೆ. ಹುಟ್ಟಿನಿಂದಲೇ ಸೋಂಕಿದ್ದು, ಈಗ ಮದುವೆಯ ವಯಸ್ಸಿಗೆ ಬಂದ ಹುಡುಗ ಹುಡುಗಿಯರಿದ್ದಾರೆ. ಚಿಕಿತ್ಸೆ ಬೇಗ ಶುರುಮಾಡಿದರೆ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ಸಾಬೀತು ಮಾಡಿದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಚೆನ್ನೈ, ಪುಣೆಯ ದಂಪತಿಗಳೂ ಪಾಲ್ಗೊಂಡಿದ್ದರು. ಹಿರಿಯೂರಿನ ದಂಪತಿಗೆ ಆ ಸಂಗತಿಯನ್ನು ಅರ್ಥವಾಗುವ ಮಾತಿನಲ್ಲಿ ಹೇಳುವುದು ಸಂಶೋಧನೆಯಷ್ಟೇ ಮುಖ್ಯ.

ಜನರನ್ನು ಜೊತೆಗಿಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಉದಾಹರಣೆ ಇದೆ. ಲೈಂಗಿಕ ಕಾರ್ಯಕರ್ತೆಯರೇ ನಡೆಸುವ ಆಶೋದಯ ಸಮಿತಿ, ಸೋಂಕು ತಗಲದಂತೆ ಮೊದಲೇ ನುಂಗುವ ಮಾತ್ರೆಯ ಅಧ್ಯಯನವನ್ನು ಮುಂದೆ ನಿಂತು ನಡೆಸಿತು. ಮಾತ್ರೆ ಏಕೆ, ಯಾರಿಗೆ, ಎಷ್ಟು ದಿನ ಎಂಬ ಚರ್ಚೆ ಮೊದಲು ಅವರೊಳಗೇ ನಡೆಯಿತು. 600ಕ್ಕೂ ಹೆಚ್ಚು ಮಹಿಳೆಯರು ಭಾಗವಹಿಸಿದರು. ಅಧ್ಯಯನ ಮುಗಿಯುವವರೆಗೂ ಅವರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ.

ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜು ಮೊದಲಿನಿಂದ ಇದೆ. 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಶುರುವಾಗಿದೆ. ಮುಂದಿನ ಪ್ರಬಂಧಗಳು ಇಲ್ಲಿಂದಲೇ ಬರಲಿವೆ. ಎಚ್‌ಐವಿ ಕುರಿತ ಪ್ರಸ್ತಾವ ಬಂದಾಗ ರೋಗಿಗಳ ಪ್ರತಿನಿಧಿಯನ್ನು ನೈತಿಕ ಸಮಿತಿಯ ಸಭೆಗೆ ಕರೆಯಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಆ ಪ್ರತಿನಿಧಿ ಬೆಂಗಳೂರಿನಿಂದ ಬರುವ ಬದಲು, ತಿಂಗಳ ಮಾತ್ರೆಗೆ ತಾವೂ ಸಾಲಿನಲ್ಲಿ ನಿಂತು ಬಂದ ಈ ಜಿಲ್ಲೆಯವರೇ ಆಗಲಿ. ಅವರಿಗೆ ಪ್ರಯಾಣ ಭತ್ಯೆ, ದಿನದ ಕೂಲಿ ಸಿಗಲಿ. ಪ್ರಶ್ನಾವಳಿಯ ಕನ್ನಡ ಪ್ರತಿ ಸಭೆಗೆ ಒಂದು ವಾರ ಮೊದಲೇ ಅವರ ಕೈ ಸೇರಲಿ.