ದುಡ್ಡು ನನ್ನದು, ಬೀಗದ ಕೈ ಅವರದು

ಕಳೆದ ಮಳೆಗಾಲದಲ್ಲಿ ಸೆಮಿಸ್ಟರ್ ರಜೆಗೆ ಊರಿಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಒಳಗಿರುವ ನಮ್ಮೂರಲ್ಲಿ ಮಳೆ ಹಿಡಿದರೆ ಮೊದಲು ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇತ್ತು. ಇಂಟರ್ನ್‌ಶಿಪ್‌ನ ಮೊದಲ ಸ್ಟೈಪೆಂಡ್‌ನಲ್ಲಿ ಕೊಂಡ ಗೇಮ್ ತೆರೆದೆ. ಒಬ್ಬನೇ ಆಡುವ ಗೇಮ್ ಅದು. ಆದರೂ ‘ಲಾಗಿನ್ ಆಗಿ’ ಎಂದು ಹೇಳಿ ಅಲ್ಲೇ ನಿಂತುಬಿಟ್ಟಿತು.

ಪಕ್ಕದಲ್ಲಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದ ಅಮ್ಮ ಕೇಳಿದರು: ‘ದುಡ್ಡು ಕೊಟ್ಟೇ ತಗೊಂಡಿದ್ದಲ್ವಾ? ಮತ್ತೆ ಆಡೋಕೆ ಯಾರ ಅಪ್ಪಣೆ ಬೇಕು?’

ಅದೇ ಗೇಮನ್ನು ದೊಡ್ಡಪ್ಪನ ಮಗ ಯಾರದೋ ಪೆನ್‌ಡ್ರೈವ್‌ನಿಂದ ಹಾಕಿಕೊಂಡು ಆರಾಮಾಗಿ ಆಡುತ್ತಿದ್ದ. ದುಡ್ಡು ಕೊಟ್ಟ ನಾನೇ ದಡ್ಡನಾದೆ!

ಪೈರಸಿ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನಾಳೆ ನಾವೂ ಕೋಡ್ ಬರೆದೇ ಅನ್ನ ತಿನ್ನಬೇಕಾದವರು. ಇನ್‌ಸ್ಟಾಲ್ ಮಾಡುವಾಗ ಒಮ್ಮೆ ಪರೀಕ್ಷಿಸಲಿ, ಬೇಡ ಅನ್ನುವುದಿಲ್ಲ. ಆದರೆ ಕದಿಯುವವನು ಬೀಗ ಮುರಿದೇ ಒಳಗೆ ಬರುತ್ತಾನೆ. ಬಾಗಿಲಲ್ಲಿ ಕಾಯಬೇಕಾದವನು ಬಿಲ್ ಕೊಟ್ಟವನು ಮಾತ್ರ.

2013ರಲ್ಲಿ ‘ಸಿಮ್‌ಸಿಟಿ’ ಆಡಲು ಇಂಟರ್ನೆಟ್ ಕಡ್ಡಾಯವಾಗಿತ್ತು. ಬಿಡುಗಡೆಯಾದಾಗ ಸರ್ವರ್‌ಗಳು ಭಾರ ತಾಳದೆ ಕೊಂಡವರೆಲ್ಲ ಕಾದು ಕೂತರು. ಮರುವರ್ಷ ಆಫ್‌ಲೈನ್‌ನಲ್ಲಿ ಆಡುವ ವ್ಯವಸ್ಥೆ ಬಂತು. ‘ದಿ ಕ್ರ್ಯೂ’ಗೆ ಆ ಅದೃಷ್ಟವೂ ಇರಲಿಲ್ಲ. 2014ರ ಆ ಕಾರ್ ರೇಸಿಂಗ್ ಗೇಮ್‌ನ ಸರ್ವರನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ಮುಚ್ಚಿತು. ಒಬ್ಬರೇ ಆಡಬಹುದಾಗಿದ್ದ ಭಾಗವೂ ಅದರ ಜೊತೆಗೇ ಹೋಯಿತು. ಆ ಸಿಟ್ಟಿನಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನದ ಮನವಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕ್ಯಾಲಿಫೋರ್ನಿಯಾದಲ್ಲಂತೂ 2025ರಿಂದ, ಕೊಡುವುದು ಬರೀ ಲೈಸೆನ್ಸ್ ಆಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳದೆ ‘ಬೈ’ ಎಂಬ ಪದ ಬಳಸುವಂತಿಲ್ಲ ಎಂಬ ಕಾನೂನು ಜಾರಿಯಲ್ಲಿದೆ.

ನಮ್ಮಲ್ಲೂ ಇಷ್ಟನ್ನಾದರೂ ಕೇಳಬೇಕು. ಒಬ್ಬರೇ ಆಡುವ ಗೇಮ್ ನೆಟ್ ಇಲ್ಲದೆಯೂ ತೆರೆಯಲಿ. ಸರ್ವರ್ ಮುಚ್ಚುವ ಮುನ್ನ ಬೀಗದ ಕೈಯನ್ನು ಕೊಂಡವರಿಗೆ ಕೊಟ್ಟುಹೋಗಲಿ.

ಅಲ್ಲಿಯವರೆಗೆ ಎಚ್ಚರ ನಮ್ಮದೇ. ದುಡ್ಡು ಕಟ್ಟುವ ಮೊದಲು, ಬೇರೆ ಅಕೌಂಟ್ ಬೇಕೇ, ಸದಾ ಇಂಟರ್ನೆಟ್ ಬೇಕೇ ಎಂದು ಸ್ಟೋರ್ ಪುಟದಲ್ಲಿ ಓದಿಕೊಳ್ಳಿ. ಕೊಂಡ ಮೇಲೆ ವೈಫೈ ಆಫ್ ಮಾಡಿ ಒಮ್ಮೆ ತೆರೆದು ನೋಡಿ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಬೀಗವೇ ಇಲ್ಲದ ಗೇಮ್‌ಗಳನ್ನು ಮಾರುವ ‘ಜಿಒಜಿ’ಯಂಥ ಅಂಗಡಿಯೂ ಇದೆ.

ಅಮ್ಮನ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ: ನಾನು ಕೊಂಡಿದ್ದು ಗೇಮ್ ಅಲ್ಲಮ್ಮ, ಬರೀ ಅಪ್ಪಣೆ.