ಸದ್ದಡಗದ ಸೈಲೆನ್ಸರು

ಏಳು ಸುತ್ತಿನ ಕೋಟೆಯನ್ನು ಹೊತ್ತ ಚಿತ್ರದುರ್ಗದ ಬಂಡೆಗಳಿಗೆ ಈಗ ನಗಾರಿಯ ಸದ್ದಿಲ್ಲ. ಸೈಲೆನ್ಸರು ಬದಲಿಸಿದ ಮೋಟಾರು ಸೈಕಲ್ಲಿನ ಆರ್ಭಟವಿದೆ. ಹಿರಿಯೂರಿನ ಹೆದ್ದಾರಿಯಿರಲಿ, ಹೊಸದುರ್ಗ, ಹೊಳಲ್ಕೆರೆಗಳ ಪೇಟೆಬೀದಿಯಿರಲಿ, ಸವಾರನಿಗಿಂತ ಮೊದಲು ಅವನ ಸದ್ದೇ ಬಂದು ಮುಟ್ಟುತ್ತದೆ.

ಕಾನೂನಿಗೆ ಕೊರತೆಯಿಲ್ಲ. ಎಂಜಿನ್ನಿನ ಹೊಗೆಯೊಡನೆ ಹೊರಬೀಳುವ ಸದ್ದನ್ನು ಸಾಧ್ಯವಾದಷ್ಟೂ ತಗ್ಗಿಸುವ ಸೈಲೆನ್ಸರು ಪ್ರತಿ ವಾಹನಕ್ಕೂ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಹೊಸ ಮೋಟಾರು ಸೈಕಲ್ಲಿಗೆ ಎಂಜಿನ್ನಿನ ಗಾತ್ರದಂತೆ 75ರಿಂದ 80 ಡೆಸಿಬೆಲ್ಲಿನ ಮಿತಿಯುಂಟು. ಅದರ ಮೇಲೆ ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತುಮಡಿಯಾಯಿತೆಂದೇ ಅರ್ಥ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನಂತೆ ಮೊದಲ ತಪ್ಪಿಗೇ 10,000 ರೂಪಾಯಿಯವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ ಸಲ್ಲಬಹುದು.

ಆದರೆ ಈ ಮಿತಿಯನ್ನು ಅಳೆಯುವುದು ಪರೀಕ್ಷಾಂಗಣದಲ್ಲಿ, ಏಳೂವರೆ ಮೀಟರು ದೂರದಲ್ಲಿಟ್ಟ ಯಂತ್ರದಿಂದ. ಬೀದಿಯ ಪೇದೆಗೆ ಬಹುಮಟ್ಟಿಗೆ ಕಿವಿ, ಕಣ್ಣುಗಳೇ ಮಾಪಕ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಕೊಳವೆಗಳನ್ನು ರಸ್ತೆಯಲ್ಲಿ ಹರಡಿ ರೋಡ್ ರೋಲರು ಹರಿಸಿದ್ದಾರೆ. ಕೊಳವೆ ಚಪ್ಪಟೆಯಾಯಿತು, ನಿಜ. ಅದನ್ನು ಮಾರಿದ ಅಂಗಡಿ, ಜೋಡಿಸಿದ ಗ್ಯಾರೇಜು, ಕೇಳಿದೊಡನೆ ಹಣವಿತ್ತ ತಂದೆ—ಇವರ ಬಾಗಿಲವರೆಗೆ ರೋಲರು ಹೋಗದು, ವಿಚಾರಣೆಯಾದರೂ ಹೋಗಬೇಕು.

ಆಸ್ಪತ್ರೆ, ಶಾಲೆಗಳ ಸುತ್ತ ಕನಿಷ್ಠ 100 ಮೀಟರಿನ ನಿಶ್ಶಬ್ದ ವಲಯವನ್ನು 2000ದ ನಿಯಮಗಳು ಕಲ್ಪಿಸಿವೆ. ಅಲ್ಲಿ ನಡುರಾತ್ರಿ ಬೆಚ್ಚಿ ಎದ್ದ ರೋಗಿಗೆ, ಮರುದಿನದ ದಂಡದ ರಸೀದಿ ಕಳೆದ ನಿದ್ದೆಯನ್ನು ಮರಳಿ ಕೊಡಲಾರದು.